ಏಳು ಅಂದರೆ ಬ್ಯಾರಿ

ಗೂಡಲೂರಿನಿಂದ ಆ ಫೋನ್ ಬಂದಾಗ ನಾನು ದೇರಳಕಟ್ಟೆಯ ಮನೆಯ ಹಿತ್ತಲಲ್ಲಿ ಬಂಗುಡೆ ತೊಳೆಯುತ್ತಿದ್ದೆ. 2012ರ ಆಗಸ್ಟ್ ತಿಂಗಳು, ಮಗಳಿಗೆ ಆಗ ಮೂರು ತಿಂಗಳು. ಕೈ ಒರೆಸಿಕೊಂಡು ಫೋನ್ ಎತ್ತಿದರೆ ಆ ಕಡೆಯಿಂದ ಒಂದು ಹುಡುಗಿ, "ಅಕ್ಕಾ, ಸರ್ವೇ ಫೈಲಿನಲ್ಲಿ ತಾಯಿಭಾಷೆ ಅಂತ ಒಂದು ಕಾಲಂ ಇದೆಯಲ್ಲ, ಅದರಲ್ಲಿ 7 ಅಂದರೆ ಯಾರು?" ಅಂತ ಕೇಳಿದಳು.

"7 ಅಂದರೆ ನಾವು," ಅಂದೆ.

"ನಾವು ಅಂದರೆ?"

"ಬ್ಯಾರಿ."

"ಅದು ಮಲಯಾಳಂ ಅಲ್ಲವಾ ಅಕ್ಕಾ? ಇಲ್ಲಿ ಸರ್ ಅದನ್ನು ಮಲಯಾಳಂಗೆ ಸೇರಿಸಿ ಆಯಿತು. ನನಗೆ ಯಾಕೋ ಅನುಮಾನ ಬಂತು, ಅದಕ್ಕೆ ಫೋನ್ ಮಾಡಿದೆ."

ಮೀನು ಅಲ್ಲೇ ಬಿಟ್ಟು ಒಳಗೆ ಹೋದೆ. ಬೆಕ್ಕಿಗೆ ಆ ದಿನ ಹಬ್ಬ.

ಮೊದಲು ನಾನು ಅಲ್ಲಿಗೆ ಹೇಗೆ ಹೋದೆ ಎಂದು ಹೇಳಬೇಕು. ನಾನು ಸ್ಟಾಟಿಸ್ಟಿಕ್ಸ್‌ನಲ್ಲಿ ಎಂಎಸ್ಸಿ ಮಾಡಿದವಳು. ಓದು ಮುಗಿಯುವಾಗಲೇ ಮದುವೆಯಾಯಿತು. ಇವರ ಕಾಕನಿಗೆ ಗೂಡಲೂರು ಪೇಟೆಯಲ್ಲಿ ಅಂಗಡಿ, ಇವರು ಅದರಲ್ಲಿ ಪಾಲುದಾರರು. ಹಾಗಾಗಿ 2010ರಲ್ಲಿ ನಾನೂ ನೀಲಗಿರಿ ಹತ್ತಿದೆ. ಗೂಡಲೂರು ನೋಡದವರಿಗೆ ಹೇಳುವುದಾದರೆ, ಅದು ಮೂರು ರಾಜ್ಯದ ದಾರಿಗಳು ಸೇರುವ ಊರು. ಒಂದು ದಾರಿ ತೆಪ್ಪಕಾಡು, ಬಂಡೀಪುರ ದಾಟಿ ಮೈಸೂರಿಗೆ. ಒಂದು ನಾಡುಗಾಣಿ ಘಾಟಿ ಇಳಿದು ನಿಲಂಬೂರಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಮತ್ತೊಂದು ಮೇಲಕ್ಕೆ, ಊಟಿಗೆ. ಪೇಟೆಯಲ್ಲಿ ನಿಂತು ಒಂದು ಚಹಾ ಕುಡಿಯುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಕೂತು ಬೇಜಾರಾಗಿ, ಹತ್ತಿರದ ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಸಂಸ್ಥೆಯ ಹೆಸರು ಬೇಡ. ಅಲ್ಲಿದ್ದವರೆಲ್ಲ ಒಳ್ಳೆಯವರು.

ಕೆಲಸ ಏನೆಂದರೆ ಮನೆಮನೆ ಸಮೀಕ್ಷೆ. ಪೇಟೆಯ ಮನೆಗಳು, ತೋಟದ ಲೈನ್ ಮನೆಗಳು, ಆದಿವಾಸಿ ಕಾಲನಿಗಳು. ಹೆಂಗಸರ ವಯಸ್ಸು, ಮಕ್ಕಳು, ಬೆರಳಿಗೆ ಸೂಜಿ ಚುಚ್ಚಿ ನೋಡಿದ ಹಿಮೋಗ್ಲೋಬಿನ್, ತಾಯಿಭಾಷೆ. ಇಷ್ಟನ್ನು ಕಾಗದದಲ್ಲಿ ತುಂಬಿ ತರುವುದು, ನಾನು ಅದನ್ನು ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ಎಸ್‌ಪಿಎಸ್‌ಎಸ್‌ಗೆ ಹಾಕುವುದು. ಗೊತ್ತಿಲ್ಲದವರಿಗೆ: ಎಸ್‌ಪಿಎಸ್‌ಎಸ್ ಅಂದರೆ ಅಂಕಿಅಂಶದ ಲೆಕ್ಕ ಮಾಡುವ ತಂತ್ರಾಂಶ. 1968ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಸಮಾಜವಿಜ್ಞಾನದವರಿಗಾಗಿ ಶುರುವಾದದ್ದು, ಈಗ ಐಬಿಎಂ ಕೈಯಲ್ಲಿದೆ. ಅದರಲ್ಲಿ ಎಲ್ಲವನ್ನೂ ಅಂಕಿಯಲ್ಲೇ ಹಾಕುತ್ತೇವೆ. ತಮಿಳು ಅಂತ ಪ್ರತಿ ಸಾಲಿನಲ್ಲಿ ಬರೆಯುವುದಿಲ್ಲ, 1 ಅಂತ ಬರೆದು, '1 ಅಂದರೆ ತಮಿಳು' ಎಂದು ಫೈಲಿಗೆ ಒಮ್ಮೆ ಹೇಳಿಕೊಡುತ್ತೇವೆ. ಆ ಚೀಟಿಗೆ ವ್ಯಾಲ್ಯೂ ಲೇಬಲ್ ಎನ್ನುತ್ತಾರೆ.

ಅಚ್ಚಾದ ಫಾರಂನಲ್ಲಿ ಬ್ಯಾರಿ ಇರಲಿಲ್ಲ. 1ರಿಂದ 6ರವರೆಗೆ ಭಾಷೆಗಳು, ಆಮೇಲೆ 8 'ಇತರ', 9 'ಉತ್ತರವಿಲ್ಲ'. 7 ಖಾಲಿ ಬಿಟ್ಟಿದ್ದರು, ಯಾರಿಗೋ ಬೇಕಾದರೆ ಇರಲಿ ಅಂತ. ಒಂದು ದಿನ ದೇವರ್‌ಶೋಲ ರಸ್ತೆಯ ಕಡೆ ಒಂದು ಮನೆಗೆ ನಾನೇ ಹೋಗಿದ್ದೆ. ತಾಯಿಭಾಷೆ ಕೇಳಿದರೆ ಆ ಮನೆಯ ಇತ್ತ 'ಮಲಯಾಳಂ' ಅಂದರು. ಆದರೆ ಒಳಗೆ ಮಗನನ್ನು ಬೈದದ್ದು ಶುದ್ಧ ಬ್ಯಾರಿ ಬಾಸೆಯಲ್ಲಿ! ನಾನು ನಮ್ಮ ಬಾಸೆಯಲ್ಲೇ ಮಾತಾಡಿದ್ದೇ ತಡ, ಅವರ ಮುಖ ನೋಡಬೇಕಿತ್ತು. ಉಪ್ಪಿನಂಗಡಿ ಕಡೆಯವರು. "ಇಲ್ಲಿ ಯಾರಿಗೆ ಗೊತ್ತು ಮಾರಾಯ್ತಿ ಬ್ಯಾರಿ ಅಂದರೆ? ಕೇಳಿದವರಿಗೆ ಅರ್ಥ ಆಗುವುದನ್ನು ಹೇಳಿಬಿಡುವುದು," ಅಂದರು. ಚಹಾಕ್ಕೆ ಪತ್ತಿರ್ ಬಂತು. ನಾನು ಫಾರಂನಲ್ಲಿ 3 ಹೊಡೆದುಹಾಕಿ 7 ಬರೆದೆ, ಪಕ್ಕದಲ್ಲಿ ಪೆನ್ನಿನಲ್ಲಿ 'ಬ್ಯಾರಿ' ಅಂತ ಬರೆದೆ.

ಇದು ಸರಿಯಾದ ಪದ್ಧತಿ ಅಲ್ಲ ಎಂದು ನಮ್ಮ ಮೇಲಿನವರು ಹೇಳಿದರು. ಅವರ ಮಾತು ನಿಜ. ಸಮೀಕ್ಷೆಯ ಮಧ್ಯದಲ್ಲಿ ಹೊಸ ಸಂಖ್ಯೆ ಸೇರಿಸಿದರೆ, ಮೊದಲು ಹೋಗಿಬಂದ ಮನೆಗಳಲ್ಲಿ ಬ್ಯಾರಿಗಳಿದ್ದರೆ ಅವರು 3ರಲ್ಲೇ ಉಳಿದುಹೋಗಿರುತ್ತಾರೆ. ಹಾಗಾಗಿ ನನ್ನ 7 ಕೂಡ ಪೂರ್ತಿ ಲೆಕ್ಕ ಅಲ್ಲ. ಆದರೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಬೆರಳೆಣಿಕೆಯಷ್ಟು ಮನೆಗಳು, ಇರಲಿ ಎಂದು ಅವರೂ ಸುಮ್ಮನಾದರು.

ಹೆರಿಗೆಗೆ ಊರಿಗೆ ಬಂದೆ. ನಾನು ಬಂದ ಮೇಲೆ ಆಫೀಸಿನ ಎಸ್‌ಪಿಎಸ್‌ಎಸ್ ಪರವಾನಗಿ ಮುಗಿಯಿತು. ಅದನ್ನು ಮತ್ತೆ ಕೊಳ್ಳುವಷ್ಟು ಹಣ ಸಣ್ಣ ಸಂಸ್ಥೆಗೆ ಎಲ್ಲಿಂದ ಬರಬೇಕು? ನನ್ನ ಜಾಗಕ್ಕೆ ಬಂದವರು ಮುಗಿಯುವ ಹಿಂದಿನ ದಿನ ಜಾಣತನ ಮಾಡಿ, 'ಯಾವ ಕಂಪ್ಯೂಟರಿನಲ್ಲಾದರೂ ತೆರೆಯಲಿ' ಎಂದು ಇಡೀ ಫೈಲನ್ನು ಸಿಎಸ್‌ವಿ ಮಾಡಿ ಉಳಿಸಿದರು. ಸಿಎಸ್‌ವಿ ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಫೈಲು. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ತೆರೆಯುತ್ತದೆ, ಅದು ಸತ್ಯ. ಆದರೆ ಅದರಲ್ಲಿ ಅಂಕಿ ಮಾತ್ರ ಹೋಗುತ್ತದೆ, ಚೀಟಿ ಹೋಗುವುದಿಲ್ಲ. ಉಳಿಸುವಾಗ ಅಂಕಿಯ ಬದಲು ಲೇಬಲ್ ಬರೆ ಎಂದು ಹೇಳುವ ಒಂದು ಸಣ್ಣ ಚೌಕ ಪರದೆಯಲ್ಲೇ ಇದೆ. ಅದನ್ನು ಯಾರೂ ಒತ್ತಿರಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ, ನಾನು ಹೊರಡುವಾಗ ಪಟ್ಟಿಯನ್ನು ಆಫೀಸಿನಲ್ಲಿ ಬಿಟ್ಟು ಬರಬೇಕಿತ್ತು. ಆ ಪಟ್ಟಿ, ಕಂದು ಕಾಗದದ ಹೊದಿಕೆ ಹಾಕಿದ ಒಂದು ನೋಟ್‌ಬುಕ್, ಬಟ್ಟೆಗಳ ಜೊತೆ ನನ್ನ ಟ್ರಂಕಿನಲ್ಲೇ ಬಂದಿತ್ತು.

ನೋಟ್‌ಬುಕ್ ಹುಡುಕಿ ತೆಗೆದು ಫೋನಿನಲ್ಲಿ ಓದಲು ಶುರುಮಾಡಿದೆ. ಆ ಹುಡುಗಿ ಊಟಿ ಕಡೆಯ ಹಟ್ಟಿಯವಳು, ಬಡಗರವಳು. ಅವಳ ಮಾತೂ ನಮ್ಮ ಕನ್ನಡವೂ ಅರ್ಧ ದಾರಿಯಲ್ಲಿ ಸಿಗುತ್ತವೆ. "ಬೇರೆಯದೆಲ್ಲ ನನಗೆ ಗೊತ್ತು ಅಕ್ಕಾ," ಅಂದಳು. "1 ತಮಿಳು, 2 ಕನ್ನಡ, 3 ಮಲಯಾಳಂ, 4 ನಾವು ಬಡಗ, 5 ಪಣಿಯ, 6 ಕಾಟ್ಟುನಾಯಕ. 7 ಒಂದೇ ಗೊತ್ತಾಗದ್ದು."

ನನ್ನ ಪುಸ್ತಕದಲ್ಲಿ 5ರ ಎದುರು ಕಾಟ್ಟುನಾಯಕ, 6ರ ಎದುರು ಪಣಿಯ ಎಂದಿತ್ತು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬ್ಯಾರಿಯನ್ನು ಮಲಯಾಳಂ ಮಾಡಿದರೆ ನನಗೆ ಸಿಟ್ಟು ಬರುತ್ತದೆ, ಅಷ್ಟೆ. ಯಾರ ಪ್ರಾಣವೂ ಹೋಗುವುದಿಲ್ಲ. ಆದರೆ 5 ಮತ್ತು 6 ಅದಲುಬದಲಾದರೆ ಹಾಗಲ್ಲ. ಈ ಬೆಟ್ಟಗಳಲ್ಲಿ ರಕ್ತದ ಲೆಕ್ಕಕ್ಕೆ ದೊಡ್ಡ ಇತಿಹಾಸವಿದೆ. ಕುಡುಗೋಲು ಕಣ ರೋಗದ ಲಕ್ಷಣ, ಅಂದರೆ ಸಿಕಲ್ ಸೆಲ್, ಭಾರತದಲ್ಲಿ ಮೊತ್ತಮೊದಲು ಕಂಡುಬಂದದ್ದೇ ನೀಲಗಿರಿಯ ಆದಿವಾಸಿಗಳಲ್ಲಿ. 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಎಂಬ ಇಬ್ಬರು ಅದನ್ನು ವರದಿ ಮಾಡಿದರು. ಆ ರೋಗ ಎಲ್ಲ ಸಮುದಾಯದಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಯಾವ ಕಾಲನಿಗೆ ಮೊದಲು ಹೋಗಿ ರಕ್ತ ಪರೀಕ್ಷೆ ಮಾಡಬೇಕು ಎನ್ನುವುದು ಇಂಥ ಪಟ್ಟಿಗಳನ್ನು ನೋಡಿಯೇ ತೀರ್ಮಾನವಾಗುವುದು. ಆ ಹುಡುಗಿ ಗೊತ್ತಿಲ್ಲದ್ದನ್ನು ಕೇಳಿದಳು. ಗೊತ್ತಿದೆ ಅಂದುಕೊಂಡದ್ದನ್ನು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. 7 ಎಂಬ ಗುರುತೇ ಸಿಗದ ಅಂಕಿಯೊಂದು ಇಲ್ಲದಿದ್ದರೆ ಆ ಫೋನೇ ಬರುತ್ತಿರಲಿಲ್ಲ. ಈ ಮಾತನ್ನು ಆಮೇಲೆ ಇವರಿಗೆ ಹೇಳಿದಾಗ, "ನೋಡು, ಬ್ಯಾರಿಗಳಿಂದ ಉಪಕಾರ ಆಯಿತು," ಎಂದು ನಕ್ಕರು.

"ಹಿಮೋಗ್ಲೋಬಿನ್ ಕಾಲಂನಲ್ಲಿ ಏನಾದರೂ ವಿಚಿತ್ರ ಇದೆಯಾ?" ಎಂದು ನಾನೇ ಕೇಳಿದೆ.

"ಇಲ್ಲ ಅಕ್ಕಾ. ಸರಾಸರಿ ಚೆನ್ನಾಗಿಯೇ ಇದೆ. ಲೈನ್ ಮನೆಯ ಹೆಂಗಸರದ್ದೂ ಚೆನ್ನಾಗಿದೆ. ಸರ್‌ಗೂ ಖುಷಿ."

ಲೈನ್ ಮನೆಯ ಹೆಂಗಸರ ಕಣ್ಣಿನ ರೆಪ್ಪೆ ಎಳೆದು ನೋಡಿದವಳು ನಾನು. ಚೆನ್ನಾಗಿರಲು ಸಾಧ್ಯವೇ ಇರಲಿಲ್ಲ. "ಅದರಲ್ಲಿ 99.9 ಅಂತ ಎಷ್ಟು ಇದೆ ನೋಡು," ಅಂದೆ.

ವಿಷಯ ಇಷ್ಟು. ಸೂಜಿ ಬೇಡ ಎಂದವರಿಗೆ ನಾವು 99.9 ಹಾಕುತ್ತಿದ್ದೆವು. ಮನುಷ್ಯರ ರಕ್ತದಲ್ಲಿ ಅಷ್ಟು ಇರುವುದೇ ಇಲ್ಲ, ಹಾಗಾಗಿ ತಪ್ಪು ತಿಳಿಯುವ ಭಯವಿಲ್ಲ ಎಂದು. ಎಸ್‌ಪಿಎಸ್‌ಎಸ್‌ಗೆ ಮಾತ್ರ '99.9 ಅಂದರೆ ಅಳತೆ ಇಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಬೇಡ' ಎಂದು ಹೇಳಿಟ್ಟಿದ್ದೆ. ಸಿಎಸ್‌ವಿ ಆದಾಗ ಆ ಮಾತೂ ಹಿಂದೆಯೇ ಉಳಿಯಿತು, 99.9 ಒಂದು ಮಾಮೂಲು ಅಂಕಿಯಾಗಿ ಮುಂದೆ ಹೋಯಿತು. ಅದರಿಂದ ಏನಾಗುತ್ತದೆ ಎಂದು ಒಂದು ಉದಾಹರಣೆಯ ಲೆಕ್ಕ ಮಾಡಿ ನೋಡಿ. ನೂರು ಹೆಂಗಸರು. 97 ಮಂದಿಯ ಸರಾಸರಿ 10.2. ಗರ್ಭಿಣಿಯರಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ, ಹಾಗಾಗಿ ಇದು ಕೆಟ್ಟ ಸ್ಥಿತಿ. ಉಳಿದ ಮೂವರು ಸೂಜಿ ಬೇಡ ಅಂದವರು. ಆ ಮೂರು 99.9 ಸೇರಿಸಿ ನೂರರಿಂದ ಭಾಗಿಸಿದರೆ 12.9 ಬರುತ್ತದೆ! ಸೂಜಿಗೆ ಹೆದರಿ ಕೈ ಹಿಂದೆ ಎಳೆದುಕೊಂಡ ಮೂವರಿಂದ ನೂರು ಜನರ ರಕ್ತವೂ ಕಾಗದದ ಮೇಲೆ ಕೆಂಪಾಯಿತು. ಕಬ್ಬಿಣದ ಮಾತ್ರೆ ಯಾರಿಗೂ ಬೇಡ.

ಕರಡು ವರದಿ ಇನ್ನೂ ಹೊರಗೆ ಹೋಗಿರಲಿಲ್ಲ, ಅಲ್ಹಮ್ದುಲಿಲ್ಲಾಹ್.

ಈಗ ಸರಿಮಾಡುವುದು ಹೇಗೆ? ನನ್ನ ಮೇಷ್ಟರೊಬ್ಬರು ಒಂದು ಅಭ್ಯಾಸ ಕಲಿಸಿದ್ದರು: ಕೆಲಸ ಬಿಡುವ ಮೊದಲು ಫೈಲಿನದ್ದು ಒಂದು ಪೋರ್ಟಬಲ್ ಪ್ರತಿ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ ಅಂತ. ಹೆಸರು ವಿಳಾಸ ಯಾವುದೂ ಇಲ್ಲದ, ಬರೀ ಅಂಕಿಗಳ ಆ ಪ್ರತಿ ನನ್ನ ಮೇಲ್‌ನಲ್ಲಿತ್ತು. ಅದನ್ನೇ ಕಳಿಸಿದೆ.

ಈ ಪೋರ್ಟಬಲ್ ಫೈಲು ಒಂದು ಹಳೆಯ ಕಾಲದ ಚೆಂದದ ವಸ್ತು. ಒಂದು ಕಂಪನಿಯ ದೊಡ್ಡ ಕಂಪ್ಯೂಟರಿನ ಅಕ್ಷರ ಇನ್ನೊಂದು ಕಂಪನಿಯದಕ್ಕೆ ತಿಳಿಯದ ದಿನಗಳಲ್ಲಿ ಮಾಡಿದ್ದು. ಅದರ ತಲೆಯಲ್ಲಿ 'ಇದು ಎಸ್‌ಪಿಎಸ್‌ಎಸ್ ಪೋರ್ಟ್ ಫೈಲು' ಎಂಬ ಒಂದೇ ವಾಕ್ಯವನ್ನು ಐದು ಬಗೆಯ ಅಕ್ಷರ ಸಂಕೇತದಲ್ಲಿ ಐದು ಸಲ ಬರೆದಿರುತ್ತದೆ, ಯಾರಿಗೆ ಯಾವುದು ಓದಲು ಬರುತ್ತದೋ ಅದನ್ನು ಓದಿಕೊಳ್ಳಲಿ ಎಂದು. ನಮ್ಮ ಅಂಗಡಿ ಬೋರ್ಡಿನ ಹಾಗೆ. ಆಮೇಲೆ ಈ ಫೈಲಿನಲ್ಲಿ ಯಾವ ಅಕ್ಷರಕ್ಕೆ ಯಾವ ಗುರುತು ಎಂಬ ಪಟ್ಟಿ. ಆಮೇಲೆ ಮಾಹಿತಿ, ಸಾಲಿಗೆ 80 ಅಕ್ಷರ, ಹಳೆಯ ತೂತು ಹೊಡೆದ ಕಾರ್ಡಿನ ಅಗಲ. ಅಂಕಿಗಳು ನಮ್ಮ ಹತ್ತರ ಲೆಕ್ಕದಲ್ಲಿಲ್ಲ, ಮೂವತ್ತರ ಲೆಕ್ಕದಲ್ಲಿವೆ. 9 ಆದ ಮೇಲೆ ಇಂಗ್ಲಿಷಿನ ಎ ಇಂದ ಟಿ ತನಕ. 99 ಅಲ್ಲಿ 39 ಎಂದು ಕಾಣುತ್ತದೆ. ನಮ್ಮ 7 ಮಾತ್ರ ಅಲ್ಲಿಯೂ 7. ಮುಖ್ಯ ವಿಷಯವೆಂದರೆ ಲೇಬಲ್‌ಗಳೂ 'ಲೆಕ್ಕಕ್ಕೆ ತೆಗೆದುಕೊಳ್ಳಬೇಡ' ಎಂಬ ಮಾತೂ ಅದರ ಹೊಟ್ಟೆಯಲ್ಲೇ ಹೋಗುತ್ತವೆ. ಒಂದೇ ತೊಂದರೆ, ಕಾಲಂ ಹೆಸರು ಎಂಟು ಅಕ್ಷರಕ್ಕಿಂತ ಉದ್ದ ಇರಬಾರದು.

ಆದರೆ ತೆರೆಯುವುದು ಎಲ್ಲಿ? ಎಸ್‌ಪಿಎಸ್‌ಎಸ್ ಇಲ್ಲ. ಹುಡುಗಿಯ ಹತ್ತಿರ ಇದ್ದದ್ದು ತಮಿಳುನಾಡು ಸರ್ಕಾರ ಕಾಲೇಜು ಮಕ್ಕಳಿಗೆ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್. 2011ರಲ್ಲಿ ಆ ಯೋಜನೆ ಶುರುವಾದಾಗ ಅದರಲ್ಲಿ ಎರಡು ವ್ಯವಸ್ಥೆ ಹಾಕಿ ಕೊಡುತ್ತಿದ್ದರು, ವಿಂಡೋಸ್ ಮತ್ತು ಬಾಸ್ ಲಿನಕ್ಸ್. ಬಾಸ್ ಅಂದರೆ ನಮ್ಮ ದೇಶದ ಸಿ-ಡ್ಯಾಕ್ ಸಿದ್ಧಪಡಿಸಿದ ಲಿನಕ್ಸ್. ಅವಳ ವಿಂಡೋಸ್ ವೈರಸ್ ಬಂದು ಹೋಗಿ, ಬಾಸ್ ಮಾತ್ರ ಉಳಿದಿತ್ತು. ಆಫೀಸಿಗೆ ಆಗಾಗ ಬರುತ್ತಿದ್ದ ಬತ್ತೇರಿಯ ಹುಡುಗನೊಬ್ಬ ಶಾಲೆಯಿಂದಲೇ ಲಿನಕ್ಸ್ ಕಲಿತವನು, ಕೇರಳದ ಸರ್ಕಾರಿ ಶಾಲೆಗಳಲ್ಲಿ ಅದನ್ನೇ ಕಲಿಸುತ್ತಾರಲ್ಲ. ನಾನೋ, ವಿಂಡೋಸ್ ಮತ್ತು ನುಡಿ ಬಿಟ್ಟು ಬೇರೆ ಕಾಣದ ಕರ್ನಾಟಕದವಳು. ಮೂರು ರಾಜ್ಯ, ಮೂರು ಅಭ್ಯಾಸ, ಒಂದೇ ಫೈಲು. ಬತ್ತೇರಿಯ ಹುಡುಗ ಆ ಲ್ಯಾಪ್‌ಟಾಪಿಗೆ ಪಿಎಸ್‌ಪಿಪಿ ಎಂಬ ತಂತ್ರಾಂಶ ಹಾಕಿಕೊಟ್ಟ. ಎಸ್‌ಪಿಎಸ್‌ಎಸ್ ಫೈಲುಗಳನ್ನು ಓದುವ, ಹಣ ಕೊಡಬೇಕಾಗಿಲ್ಲದ ಮುಕ್ತ ತಂತ್ರಾಂಶ ಅದು. ರಾತ್ರಿ ಒಂಬತ್ತಕ್ಕೆ ಅವಳ ಫೋನ್: "ಅಕ್ಕಾ, ತೆರೆಯಿತು. 7ರ ಎದುರು ಬ್ಯಾರಿ ಅಂತ ಇಂಗ್ಲಿಷಿನಲ್ಲಿ ಬಂದಿದೆ."

ಅದೇ ವಾರ ಬತ್ತೇರಿಯ ಹುಡುಗ ಸಿಎಸ್‌ವಿ ಫೈಲನ್ನೂ ಒಮ್ಮೆ ಲಿನಕ್ಸ್‌ನಲ್ಲಿ ಎಣಿಸಿ ನೋಡಿದ. ಸೂಜಿಗೆ ಒಪ್ಪಿದವರು ಸೊನ್ನೆ ಎಂದು ಬಂತು! ಒಪ್ಪಿಗೆಯ ಕಾಲಂ ಸಾಲಿನ ಕೊನೆಯಲ್ಲಿತ್ತು. ವಿಂಡೋಸ್ ಪ್ರತಿ ಸಾಲಿನ ತುದಿಯಲ್ಲಿ ಎರಡು ಕಾಣದ ಗುರುತು ಹಾಕುತ್ತದೆ, ಟೈಪ್‌ರೈಟರ್ ಕಾಲದಿಂದ ಬಂದ ರೂಢಿ: ಒಂದು ಗಾಡಿಯನ್ನು ಸಾಲಿನ ಆರಂಭಕ್ಕೆ ತರಲು, ಒಂದು ಕಾಗದ ಮೇಲೆ ಸರಿಸಲು. ಲಿನಕ್ಸ್‌ಗೆ ಒಂದೇ ಸಾಕು. ಹೆಚ್ಚಾದ ಗುರುತು 'ಹೌದು'ವಿನ ಬಾಲಕ್ಕೆ ಅಂಟಿಕೊಂಡು, ಅದು ಯಾರಿಗೂ ಗುರುತಿಲ್ಲದ ಬೇರೊಂದು 'ಹೌದು' ಆಗಿತ್ತು. ಇಂಥವು ಬೇಗ ಸಿಕ್ಕಿಬೀಳುತ್ತವೆ, ನಕ್ಕು ಸರಿಮಾಡಬಹುದು. ನನಗೆ ಭಯ ಇರುವುದು ಸಿಕ್ಕಿಬೀಳದವುಗಳ ಬಗ್ಗೆ.

ತಾರೀಕು ಅಂಥದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ದಿನಕ್ಕೆ ಎರಡು ತಾರೀಕು ಇರುವುದು ನಮ್ಮ ಮನೆಗಳಿಗೆ ಹೊಸತಲ್ಲ, ಒಂದು ಇಂಗ್ಲಿಷ್, ಒಂದು ಹಿಜರಿ. ಎಲ್ಲಿಂದ ಎಣಿಸಲು ಶುರುಮಾಡಿದಿರಿ ಎಂಬುದರ ಮೇಲೆ ಸಂಖ್ಯೆ ಬೇರೆ. ಕಂಪ್ಯೂಟರಿನವರೂ ಹಾಗೆಯೇ. ಎಸ್‌ಪಿಎಸ್‌ಎಸ್ ಎಣಿಸುವುದು 1582ರ ಅಕ್ಟೋಬರ್ 14ರಿಂದ, ಅದೂ ಸೆಕೆಂಡುಗಳಲ್ಲಿ. ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದ ಕಾಲ ಅದು. 2010ರ ಜನವರಿ 1 ಅಂದರೆ ಅದಕ್ಕೆ 13,48,16,83,200. ಸ್ಟಾಟಾ, ಎಸ್‌ಎಎಸ್ ತಂತ್ರಾಂಶಗಳು 1960ರ ಜನವರಿ 1ರಿಂದ ಎಣಿಸುತ್ತವೆ, ಆರ್ 1970ರಿಂದ. ಎಕ್ಸೆಲ್‌ನಲ್ಲಿ ಎರಡು ಪದ್ಧತಿ. ವಿಂಡೋಸ್‌ನಲ್ಲಿ 1900ರಿಂದ, ಮ್ಯಾಕ್‌ನ ಹಳೆಯ ಎಕ್ಸೆಲ್‌ಗಳಲ್ಲಿ 1904ರಿಂದ. (ವಿಂಡೋಸ್ ಎಕ್ಸೆಲ್ 1900ನೇ ಇಸವಿಯಲ್ಲಿ ಫೆಬ್ರವರಿ 29 ಇತ್ತು ಎಂದು ಇಂದಿಗೂ ನಂಬಿದೆ. ಇರಲಿಲ್ಲ. ಲೋಟಸ್ ಎಂಬ ಇನ್ನೂ ಹಳೆಯ ತಂತ್ರಾಂಶದ ತಪ್ಪನ್ನು ಬೇಕೆಂದೇ ಹಾಗೆಯೇ ಉಳಿಸಿಕೊಂಡದ್ದು.)

ಇದು ನನಗೆ ತಿಳಿದದ್ದು ಮಸಿನಗುಡಿಯಲ್ಲಿ. ನಾನು ಇನ್ನೂ ಕೆಲಸದಲ್ಲಿದ್ದಾಗ ಬಂದುಹೋಗುವ ಡಾಕ್ಟರೊಬ್ಬರು ಆ ಕಡೆಯ ಮಕ್ಕಳ ಜನ್ಮದಿನಾಂಕದ ಪಟ್ಟಿಯನ್ನು ತಮ್ಮ ಹಳೆಯ ಮ್ಯಾಕ್‌ನಲ್ಲಿ ಮಾಡಿ ಕೊಟ್ಟಿದ್ದರು. ನಾನು ಅದನ್ನು ತೆರೆದು, ದಿನಾಂಕಗಳನ್ನು ನಕಲು ಮಾಡಿ ನಮ್ಮ ವಿಂಡೋಸ್ ಪಟ್ಟಿಗೆ ಅಂಟಿಸಿದೆ. ಅಂಟಿಸಿದ ಕ್ಷಣಕ್ಕೆ ಎಲ್ಲ ದಿನಾಂಕ 1,462 ದಿನ ಹಿಂದಕ್ಕೆ ಹೋದವು, ಅಂದರೆ ನಾಲ್ಕು ವರ್ಷ ಒಂದು ದಿನ. ದಿನ, ತಿಂಗಳು ಹೆಚ್ಚುಕಡಿಮೆ ಅದೇ ಇರುವುದರಿಂದ ಕಣ್ಣಿಗೆ ಹೊಡೆಯಲಿಲ್ಲ. ಐದು ವರ್ಷದೊಳಗಿನ ಮಕ್ಕಳ ತೂಕ ನೋಡುವ ದಿನ ನಾವು ಪಟ್ಟಿ ಹಿಡಿದು ಹೋದರೆ, ಒಬ್ಬ ತಾಯಿ ಸೊಂಟದಲ್ಲಿ ಮಗು ಕೂರಿಸಿಕೊಂಡು ನಿಂತಿದ್ದಾಳೆ, ಪಟ್ಟಿಯಲ್ಲಿ ಆ ಮಗು ಇಲ್ಲ. ದೊಡ್ಡ ಪಟ್ಟಿಯಲ್ಲಿ ಹುಡುಕಿದರೆ ಮಗುವಿಗೆ ಆರು ವರ್ಷ! ಮಗು ನನ್ನ ಪೆನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಆ ದಿನ ಬಂದ ತಾಯಂದಿರನ್ನು ಯಾರನ್ನೂ ವಾಪಸು ಕಳಿಸಲಿಲ್ಲ, ಪಟ್ಟಿ ಬದಿಗಿಟ್ಟು ತೂಕ ನೋಡಿದೆವು. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕರೆ ಹೋಗದೆ, ಬಾರದೆ ಉಳಿದವರು ಎಷ್ಟೋ. ಅವರಿಗಾಗಿ ಕಲ್ಹಟ್ಟಿ ಘಾಟಿಯ 36 ತಿರುವು ಇಳಿದು ಇನ್ನೊಮ್ಮೆ ಹೋಗಬೇಕಾಯಿತು. ಹೊಟ್ಟೆ ತೊಳಸಿದ್ದು ತಿರುವಿನಿಂದಲೋ ನಾಚಿಕೆಯಿಂದಲೋ ಗೊತ್ತಿಲ್ಲ.

ಆ ಮೇಲೆ ನಾನು ದಿನಾಂಕವನ್ನು ದಿನಾಂಕವಾಗಿ ಕಳಿಸುವುದನ್ನೇ ಬಿಟ್ಟೆ. ವರ್ಷ, ತಿಂಗಳು, ದಿನ, ಮೂರನ್ನೂ ಮೂರು ಬೇರೆ ಕಾಲಂ ಮಾಡಿ ಕಳಿಸುತ್ತೇನೆ. ನೋಡಲು ಚೆಂದ ಇಲ್ಲ, ಆದರೆ ಯಾವ ವ್ಯವಸ್ಥೆಯೂ ಅದನ್ನು ತಿರುಚುವುದಿಲ್ಲ.

ಫೋನಿನ ಕಥೆಗೆ ಬರುತ್ತೇನೆ. ಅಂಕಿ ಸರಿಯಾಯಿತು, ಉಳಿದದ್ದು ಹೆಸರು. ಮನೆಯವರ ಹೆಸರುಗಳನ್ನು ನಾನು ಬೇರೆಯೇ ಒಂದು ಎಕ್ಸೆಲ್ ಫೈಲಿನಲ್ಲಿ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದೆ. ಅವಳ ಲಿನಕ್ಸ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. ಆ ಕಾಲದ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಮಾತ್ರ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. 'ಕನ್ನಡ' ಎಂಬ ಪದ ಫಾಂಟ್ ಇಲ್ಲದ ಕಡೆ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು ಹೀಗೆ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ ಕಳಿಸಿದೆ. ಆಗ ಇನ್ನೊಂದು ಎಡವಟ್ಟು. ಹೆಸರಿನ ಕಾಲಂಗೆ ಅಲ್ಲಿ 20 ಬೈಟ್ ಜಾಗ ಇಟ್ಟಿದ್ದರು. ಇಂಗ್ಲಿಷಿಗೆ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು, ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಇಬ್ರಾಹಿಂ' ಬರೆಯಲು 24 ಬೈಟ್. 20ರಲ್ಲಿ ಹಿಡಿಸಿದ್ದು 'ಇಬ್ರಾಹ' ತನಕ. ಪಟ್ಟಿ ತುಂಬ ಇಬ್ರಾಹಗಳು. ಜಾಗ 120 ಮಾಡು ಎಂದು ಹೇಳಿದ ಮೇಲೆ ಎಲ್ಲರಿಗೂ ಬಾಲ ಬಂತು.

ಇದನ್ನೆಲ್ಲ ಮಾಡುವಾಗ ಉಮ್ಮ ಪಕ್ಕದಲ್ಲಿ ಕೂತು ಮಗುವನ್ನು ಆಡಿಸುತ್ತಿದ್ದರು. "ಎಂತ ಅದು, ಓದಲು ಬಾರದ ಅಕ್ಷರ?" ಎಂದು ಕೇಳಿದರು. ಹೇಳಿದೆ. "ಅದು ಅಜ್ಜನ ಪುಸ್ತಕದ ಹಾಗೆ," ಅಂದರು.

ಅಜ್ಜ ವಿಟ್ಲದ ಕಡೆ ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. ಅವರ ಸಾಲದ ಪುಸ್ತಕ ನಮ್ಮ ಅಟ್ಟದಲ್ಲಿದೆ. ಭಾಷೆ ನಮ್ಮದೇ, ಬರೆದದ್ದು ಮದ್ರಸದಲ್ಲಿ ಕಲಿತ ಅರಬಿ-ಮಲಯಾಳಂ ಲಿಪಿಯಲ್ಲಿ. ಉಮ್ಮನಿಗೆ ಅಲ್ಪಸ್ವಲ್ಪ ಓದಲು ಬರುತ್ತಿತ್ತು, ನನಗೆ ಬರುವುದಿಲ್ಲ. ಕುರ್‌ಆನ್ ಓದುವ ನನಗೆ ಅದರ ಅಕ್ಷರಗಳು ಗುರುತು ಸಿಗುತ್ತವೆ, ಪದವಾಗಿ ಕೂಡುವುದಿಲ್ಲ. ನಮ್ಮ ಬಾಸೆ ಆಮೇಲೆ ಕನ್ನಡ ಲಿಪಿಗೆ ಬಂತು, 2020ರಲ್ಲಿ ಬ್ಯಾರಿ ಅಕಾಡೆಮಿ ಹೊಸ ಲಿಪಿಯನ್ನೂ ಹೊರತಂದಿತು. ಪ್ರತಿ ಸಲ ಮನೆ ಬದಲಿಸುವಾಗ ಏನೋ ಒಂದು ಹಿಂದಿನ ಮನೆಯಲ್ಲೇ ಉಳಿಯುತ್ತದೆ.

ಗೂಡಲೂರಿನ ವರದಿ ತಿದ್ದಿ ಬರೆದರು. ಲೈನ್ ಮನೆಗಳ ಸರಾಸರಿ 12ಕ್ಕಿಂತ ಕೆಳಗೆ ಇಳಿಯಿತು, ಮಾತ್ರೆಗಳ ಬೇಡಿಕೆ ಹೋಯಿತು. 5 ಮತ್ತು 6 ತಮ್ಮ ತಮ್ಮ ಜಾಗಕ್ಕೆ ಬಂದವು. ಬ್ಯಾರಿ ಒಂದು ಸಾಲಾಗಿ ಅಚ್ಚಾಯಿತು, ಕೆಳಗೆ ಚಿಕ್ಕ ಅಕ್ಷರದಲ್ಲಿ 'ಸಮೀಕ್ಷೆಯ ಮಧ್ಯದಲ್ಲಿ ಸೇರಿಸಿದ್ದು, ನಿಜಸಂಖ್ಯೆ ಹೆಚ್ಚಿರಬಹುದು' ಎಂಬ ಟಿಪ್ಪಣಿಯೊಂದಿಗೆ. ಆ ಟಿಪ್ಪಣಿ ನನ್ನ ಹಠ. ಬಡಗ ಹುಡುಗಿ ನನ್ನ ನೋಟ್‌ಬುಕ್ಕಿನ ಪಟ್ಟಿಯನ್ನು ತಮಿಳು ಮತ್ತು ಇಂಗ್ಲಿಷಿನಲ್ಲಿ ಬರೀ ಅಕ್ಷರದ ಫೈಲಾಗಿ ಟೈಪ್ ಮಾಡಿ, 'ಮೊದಲು ಇದನ್ನು ಓದಿ' ಎಂದು ಹೆಸರಿಟ್ಟು, ಅದೇ ಫೋಲ್ಡರಿನಲ್ಲಿ ಹಾಕಿದಳು. ಒಂದು ಪ್ರತಿ ಮುದ್ರಿಸಿ ಕಪಾಟಿನ ಬಾಗಿಲಿನ ಒಳಬದಿಗೂ ಅಂಟಿಸಿದಳಂತೆ. ನನಗೆ ಅದು ಎಲ್ಲಕ್ಕಿಂತ ಇಷ್ಟವಾಯಿತು. ರಿವರ್ಸ್ ಎಂಬ ಇಂಗ್ಲಿಷ್ ವಿದ್ವಾಂಸ ತೋಡರ ವಂಶಾವಳಿಗಳನ್ನು ಬರೆದು ಪುಸ್ತಕ ಮಾಡಿದ್ದು 1906ರಲ್ಲಿ, ಅದೇ ನೀಲಗಿರಿಯಲ್ಲಿ. ಇಂದಿಗೂ ಪುಟ ತಿರುಗಿಸಿದರೆ ಓದಬಹುದು. ನಾನು ಎರಡು ವರ್ಷದ ಹಿಂದೆ ಮಾಡಿದ ಫೈಲಿಗೆ ಇಷ್ಟು ಜನರ ಸಹಾಯ ಬೇಕಾಯಿತು.

ಈಗ ನಾನು ಮನೆಯಿಂದಲೇ ಇಂಥ ಕೆಲಸ ಮಾಡುತ್ತೇನೆ. ಆರ್ ಎಂಬ ಉಚಿತ ತಂತ್ರಾಂಶ ಎಸ್‌ಪಿಎಸ್‌ಎಸ್, ಸ್ಟಾಟಾ ಫೈಲುಗಳನ್ನು ಲೇಬಲ್ ಸಮೇತ ಓದುತ್ತದೆ, ಸ್ಟಾಟಾ ಕೂಡ 2015ರಿಂದ ಯೂನಿಕೋಡಿಗೆ ಬಂದಿದೆ. ಹಿಂದಿನಷ್ಟು ಕಷ್ಟ ಇಲ್ಲ. ಆದರೂ ಯಾರಾದರೂ ಫೈಲು ಕಳಿಸಿದರೆ ಮೊದಲು ಕೇಳುವುದು, ಎಷ್ಟು ಸಾಲು, ಎಷ್ಟು ಕಾಲಂ, ವಯಸ್ಸಿನ ಕಾಲಂನ ಮೊತ್ತ ನಿಮ್ಮಲ್ಲಿ ಎಷ್ಟು ಬರುತ್ತದೆ ಎಂದು. ನನ್ನಲ್ಲಿಯೂ ಅಷ್ಟೇ ಬಂದರೆ ಮಾತ್ರ ಮುಂದಿನ ಕೆಲಸ. 99 ಹಾಕುವ ಅಭ್ಯಾಸ ಬಿಟ್ಟಿದ್ದೇನೆ, ಅಳತೆ ಇಲ್ಲದಿದ್ದರೆ ಜಾಗ ಖಾಲಿ ಬಿಟ್ಟು, ಕಾರಣಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ಕಳೆದ ರಂಜಾನ್‌ಗೆ ಮೊದಲು ಅಜ್ಜನ ಪುಸ್ತಕದ ಪುಟಗಳ ಫೋಟೋ ತೆಗೆದೆ. ಕಾಸರಗೋಡಿನ ಸಂಬಂಧಿಕರೊಬ್ಬರು ಹೆಸರುಗಳನ್ನೂ ಮೊತ್ತವನ್ನೂ ಓದಿಕೊಟ್ಟರು. ಆದರೆ ಪ್ರತಿ ಹೆಸರಿನ ಎದುರು ಕೊನೆಯಲ್ಲಿ ಒಂದು, ಎರಡು ಅಥವಾ ಮೂರು ಸಣ್ಣ ಸೊನ್ನೆಗಳಿವೆ. ತೀರಿಸಿದವರಿಗೂ ಇದೆ, ತೀರಿಸದವರಿಗೂ ಇದೆ. ಉಮ್ಮನಿಗೆ ಗೊತ್ತಿಲ್ಲ, ಓದಿಕೊಟ್ಟವರಿಗೂ ಗೊತ್ತಿಲ್ಲ. ಒಣಮೀನಿನ ವ್ಯಾಪಾರ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಒಮ್ಮೆ ಕೇಳಿ ನೋಡಿ.